ಮಳೆಯಲ್ಲಿ ಓಡಬಾರದು

ಬಟ್ಟೆ ಗೋದಾಮಿನ ಕಾವಲುಗಾರನನ್ನು ಅಲ್ಲಿನ ಹಮಾಲರೆಲ್ಲ ನಿಧಾನಿ ಮಾವ ಅಂತಲೇ ಕರೆಯುತ್ತಿದ್ದರು. ಅವನು ಓಡಿದ್ದನ್ನು ಕಂಡವರೇ ಇಲ್ಲ. ಬಸ್ಸಿನ ಹಿಂದೆ ಓಡುವುದು ಮಾನವಂತರ ಲಕ್ಷಣವಲ್ಲ ಅನ್ನುತ್ತಿದ್ದ. ಕಳ್ಳನ ಹಿಂದೆ ಓಡಿದರೆ ಅವನು ಇನ್ನೂ ಜೋರಾಗಿ ಓಡುತ್ತಾನೆ, ನಾವೇ ಯಾಕೆ ಅವನಿಗೆ ಹುರುಪು ತುಂಬಬೇಕು ಅನ್ನುತ್ತಿದ್ದ. ಮಳೆ ಬಂತೆಂದರೆ ಮುಗಿಯಿತು, ಗೇಟಿನ ಕಂಬಕ್ಕೆ ಒರಗಿ ಪ್ರವಚನ ಶುರು.

"ಓಡೋನು ಎದುರಿಗಿರೋ ಹನೀನೆಲ್ಲ ತಾನಾಗಿ ಹೋಗಿ ಎದೆಗೆ ಹೊಡಿಸ್ಕೋತಾನೆ ಕಣ್ರೋ. ನಡೆಯೋನಿಗೆ ತಲೆ ಮೇಲೆ ಬಿದ್ದಷ್ಟೇ ಲೆಕ್ಕ. ಇದು ಸೈನ್ಸು!"

"ಅಷ್ಟು ಹೊತ್ತು ಮಳೇಲೇ ಇರ್ತೀಯಲ್ಲ ಮಾವ, ಅದು ಯಾವ ಸೈನ್ಸು?" ಅಂತ ಕೇಳುತ್ತಿದ್ದವನು ಗಾಳಿ. ಹಮಾಲರಲ್ಲೆಲ್ಲ ಜೋರಾಗಿ ಓಡುತ್ತಿದ್ದವನು, ಅದಕ್ಕೇ ಆ ಹೆಸರು.

"ಬಾಯ್ಮುಚ್ಕೊಂಡು ಗಂಟು ಹೊರೋ" ಅನ್ನುವುದೇ ಮಾವನ ಉತ್ತರ.

ಈ ಸೈನ್ಸು ಹುಟ್ಟಿದ್ದು ಎಲ್ಲಿ ಅಂತೀರಿ? ಅವನ ಬಲ ಮೊಣಕಾಲಿನಲ್ಲಿ. ವರ್ಷಗಳ ಹಿಂದೆ ಮನೆಯಲ್ಲಿ ಬಲ್ಬು ಹಾಕಲು ಸ್ಟೂಲು ಹತ್ತಿ, ಹೆಂಡತಿ ಹಿಡಿದುಕೊಳ್ತೀನಿ ಅಂದರೂ ಬೇಡ ಹೋಗೇ ಅಂದು, ದಬಕ್ಕನೆ ಬಿದ್ದಿದ್ದ. ಅಂದಿನಿಂದ ಆ ಕಾಲು ಅರ್ಧ ಮಡಚಿದರೆ ಹೆಚ್ಚು. ನಡೆಯಲು ಅಡ್ಡಿಯಿಲ್ಲ, ಓಡುವ ಮಾತೇ ಇಲ್ಲ. ಗೊತ್ತಿದ್ದವಳು ಗೇಟಿನ ಪಕ್ಕದಲ್ಲೇ ಟೀ ಅಂಗಡಿ ಇಟ್ಟಿದ್ದ ಹೆಂಡತಿ ಒಬ್ಬಳೇ. ಓಡಲಾರದ ಕಾವಲುಗಾರ ಯಾರಿಗೆ ಬೇಕು ಸ್ವಾಮಿ? ಈ ವಯಸ್ಸಿನಲ್ಲಿ ಇನ್ನೊಂದು ಕೆಲಸವನ್ನು ಯಾರು ತಟ್ಟೆಯಲ್ಲಿಟ್ಟು ಕೊಡುತ್ತಾರೆ? ಹಾಗಾಗಿ ಮೊಣಕಾಲಿಗೆ ಎಣ್ಣೆ, ಊರಿಗೆಲ್ಲ ಸಿದ್ಧಾಂತ.

ಎಲ್ಲ ಚೆನ್ನಾಗಿಯೇ ನಡೆದಿತ್ತು, ಹೊಸ ಮ್ಯಾನೇಜರ್ ಬರುವ ತನಕ.

ಗೋದಾಮಿನ ಗೇಟಿನ ಕಮಾನು ಗಿಡ್ಡ, ಲಾರಿ ಒಳಗೆ ಬರುವುದಿಲ್ಲ. ಬಟ್ಟೆಯ ಗಂಟುಗಳನ್ನು ತಲೆ ಮೇಲೆ ಹೊತ್ತು ಬಯಲಾಗಿ ಬಿದ್ದ ಅಂಗಳ ದಾಟಬೇಕು. ಮಳೆಗಾಲದಲ್ಲಿ ಗಂಟೂ ತೊಪ್ಪೆ, ಹೊತ್ತವನೂ ತೊಪ್ಪೆ. ಅಂಗಳಕ್ಕೆ ಶೀಟು ಹೊದಿಸಿಕೊಡಿ ಅಂತ ಹಮಾಲರು ಕೇಳಿದರು. ತಪ್ಪೇನು ಅದರಲ್ಲಿ? ಆದರೆ ಮ್ಯಾನೇಜರ್ ಓದಿದವರು. ಓದಿದವರು ಸುಮ್ಮನೆ ಶೀಟು ಹೊದಿಸುತ್ತಾರೆಯೇ?

"ಶೀಟು ಆಮೇಲೆ" ಅಂದರು. "ಮೊದಲು ನಡೆದ್ರೆ ಜಾಸ್ತಿ ನೆನೀತೀವೋ ಓಡಿದ್ರೆ ಜಾಸ್ತಿ ನೆನೀತೀವೋ, ಅದನ್ನ ವೈಜ್ಞಾನಿಕವಾಗಿ ತೀರ್ಮಾನ ಮಾಡೋಣ. ನಮ್ಮ ವಾಚ್‌ಮನ್ ಇದರಲ್ಲಿ ಪಂಡಿತನಂತೆ, ಅವನನ್ನೇ ಕರೀರಿ."

ಮಾವ ಮೀಸೆ ತಿರುವಿಕೊಂಡೇ ಹೋದ. ನಡೆಯುವವನು ತಾನು, ಓಡುವವನು ಗಾಳಿ, ಇನ್ನೇನು ಕಷ್ಟ? ಆದರೆ ಮ್ಯಾನೇಜರ್ ತಲೆಯಾಡಿಸಿಬಿಟ್ಟರು. "ಹಾಗಾಗಲ್ಲಯ್ಯ. ಅವನು ಕಡ್ಡಿ, ನೀನು ದಪ್ಪ. ಒಂದೇ ಮೈ ಇರಬೇಕು. ಒಣಗಿದ ಯೂನಿಫಾರ್ಮ್ ತೂಕ ಹಾಕಿ ಒಂದ್ಸಲ ನೀನೇ ನಡಿ, ನೆಂದ ಮೇಲೆ ಮತ್ತೆ ತೂಕ ಹಾಕೋಣ. ಇನ್ನೊಂದು ಯೂನಿಫಾರ್ಮ್ ಹಾಕ್ಕೊಂಡು ನೀನೇ ಓಡು."

ಆವತ್ತು ರಾತ್ರಿ ಮನೆಯಲ್ಲಿ ಮಾವ ಮೊಣಕಾಲಿಗೆ ಎರಡೆರಡು ಸಲ ಎಣ್ಣೆ ತಿಕ್ಕಿದ.

"ಇರೋ ವಿಷಯ ಹೇಳ್ಬಿಡಿ ಅತ್ಲಾಗೆ" ಅಂದಳು ಹೆಂಡತಿ.

"ಹೇಳಿ? ನಿನ್ನ ಅಂಗಡೀಲಿ ಲೋಟ ತೊಳ್ಕೊಂಡು ಕೂತಿರ್ಲಾ?"

"ಲೋಟ ತೊಳೆದ್ರೆ ಕಿರೀಟ ಬಿದ್ದೋಗತ್ತಾ ನಿಮ್ಗೆ? ನಾನು ದಿನಾ ತೊಳೀತಿಲ್ವಾ?"

ಮಳೆಗೆ ಕರುಣೆ ಅನ್ನುವುದೇ ಇಲ್ಲ. ಮಾರನೆಯ ದಿನವೇ ಧೋ ಅಂತ ಹುಯ್ಯಿತು.

ಮ್ಯಾನೇಜರ್ ಗೋದಾಮಿನ ಒಳಗೆ ತಕ್ಕಡಿಯ ಪಕ್ಕ ಕುರ್ಚಿ ಹಾಕಿಸಿಕೊಂಡರು. ಬೂಟಿಗೆ ಎರಚಲು ಹೊಡೆಯುತ್ತದೆ ಅಂತ ಬಾಗಿಲನ್ನೂ ಮುಂದಕ್ಕೆ ಮಾಡಿಸಿದರು. ಮಳೆಯ ಪರೀಕ್ಷೆ ಮಾಡುವವರು ಮಳೆ ನೋಡಲೇಬೇಕೆಂದು ಎಲ್ಲಿದೆ! ಮೊದಲ ಸಲ ಮಾವ ಗೇಟಿನಿಂದ ರಾಜನ ಹಾಗೆ ನಡೆದು ಬಂದ. ಅಂಗಿ ಚಡ್ಡಿಯೆಲ್ಲ ಬಿಚ್ಚಿಸಿ ತೂಕ ಹಾಕಿದರು. ಒಣಗಿದ ಯೂನಿಫಾರ್ಮ್ ತೊಡಿಸಿ, ಗೇಟಿನವರೆಗೆ ಹನಿ ತಾಗದಂತೆ ಕೊಡೆ ಹಿಡಿದು ಬಿಟ್ಟುಬರಲು ಗಾಳಿಯನ್ನು ಕಳಿಸಿದರು. ಕೈಯಲ್ಲಿ ಕೊಡೆ ಹಿಡಿದುಕೊಂಡೇ ನೆನೆಯದಿರುವುದು ಹೇಗೆಂದು ಹುಡುಕುತ್ತಿದ್ದೇವಲ್ಲ ಅಂತ ಒಬ್ಬರಿಗಾದರೂ ಹೊಳೆಯಬೇಡವೇ?

ಗೇಟಿನ ಹತ್ತಿರ ಮಾವ ಬಗ್ಗಿ ಬಲ ಮೊಣಕಾಲನ್ನು ಒತ್ತಿ ಹಿಡಿದುಕೊಂಡ. ಗಾಳಿ ಅವನ ಮುಖ ನೋಡಿದ, ಕಾಲು ನೋಡಿದ. ಟೀ ಅಂಗಡಿಯಲ್ಲಿ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದ ಹೆಂಗಸನ್ನೂ ನೋಡಿದ. ಎಲ್ಲ ಅರ್ಥವಾಯಿತು.

"ನೀನು ನಿನ್ನ ಪಾಡಿಗೆ ನಡ್ಕೊಂಡು ಬಾ ಮಾವ. ಅವರೇನು ಹೊರಗೆ ಬರ್ತಾರಾ?"

"ಓಡು!" ಅಂತ ಒಳಗಿನಿಂದ ಕೂಗು ಬಂತು. ಮಾವ ನಡೆದ. ಗಾಳಿ ಕೊಡೆ ಮಡಚಿ ಅವನ ಜೊತೆಜೊತೆಗೇ ಧಡಧಡ ಧಡಧಡ ಅಂತ ನೆಲ ಒದೆಯುತ್ತ ಬಂದ. ಕಮಾನಿನ ಕೆಳಗೆ ನಿಂತಿದ್ದ ಹಮಾಲರು ನೋಡಿದರು, ಬಾಯಿಗೆ ಬೀಗ ಹಾಕಿಕೊಂಡರು.

ತೂಕ ಹಾಕಿದರೆ ಎರಡೂ ಸಮಾಸಮ! ಬೇರೆ ಹೇಗೆ ಬರಬೇಕಿತ್ತು? ಮ್ಯಾನೇಜರ್ ಹಿರಿಹಿರಿ ಹಿಗ್ಗಿದರು. ಸಂಜೆಗೇ ಗೋಡೆಯ ಮೇಲೆ ನೋಟೀಸು: ಮಳೆಯಲ್ಲಿ ನಡೆದರೂ ಓಡಿದರೂ ನೆನೆಯುವುದು ಒಂದೇ ಎಂದು ಪರೀಕ್ಷೆಯಿಂದ ಸಾಬೀತಾಗಿದೆ. ಓಡಿದರೆ ಜಾರಿ ಬೀಳುವ ಅಪಾಯವಿರುವುದರಿಂದ ಇನ್ನು ಮುಂದೆ ಮಳೆಯಲ್ಲಿ ಯಾರೂ ಓಡಬಾರದು. ಓಡಿದವರನ್ನು ಕಾವಲುಗಾರನು ವರದಿ ಮಾಡತಕ್ಕದ್ದು, ತಪ್ಪಿದರೆ ಅವನನ್ನೇ ಕೆಲಸದಿಂದ ತೆಗೆಯಲಾಗುವುದು.

"ಮತ್ತೆ ಶೀಟು, ಸಾರ್?" ಅಂತ ಹಮಾಲರು ಕೇಳಿದರು.

"ಹೇಗೆ ಹೋದ್ರೂ ನೆನೆಯೋದು ಅಷ್ಟೇ ಅಂದ ಮೇಲೆ ಶೀಟು ಯಾಕ್ರಯ್ಯ?" ಅಂದರು ಮ್ಯಾನೇಜರ್. ಈ ತರ್ಕಕ್ಕೆ ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟುಕೊಂಡರು.

ಮಾವನ ಕೆಲಸ ಉಳಿಯಿತು. ಆದರೆ ಆ ಮಳೆಗಾಲವಿಡೀ ಅವನು ಗೇಟಿನಲ್ಲಿ ನಿಂತು ನೋಡಿದ್ದೇನು? ಭಾರದ ಗಂಟು ಹೊತ್ತ ಗಂಡಸರು ಸುರಿಯುವ ಮಳೆಯಲ್ಲಿ ಒಬ್ಬರ ಹಿಂದೊಬ್ಬರು ನಿಧಾನವಾಗಿ ನಡೆಯುವುದನ್ನು. ಗಾಳಿಗೆ ಕೆಮ್ಮು ಹತ್ತಿತು. ಮೊದಲು ಸಣ್ಣದು, ಆಮೇಲೆ ಗಂಟು ಇಳಿಸಿ ಗೋಡೆ ಹಿಡಿದು ಕೆಮ್ಮುವಷ್ಟು. ಅವನು ಒಂದು ದಿನವೂ ಮಾವನನ್ನು ಆಡಿಕೊಳ್ಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೊನೆಗೆ ಒಂದು ದಿನ ಟೋಪಿ ತೆಗೆದು ಮ್ಯಾನೇಜರ್ ಮುಂದೆ ನಿಂತ. "ಸಾರ್, ನಂಗೆ ಓಡೋಕಾಗಲ್ಲ. ಮೊಣಕಾಲು ಹೋಗಿದೆ. ಆವತ್ತು ಎರಡು ಸಲಾನೂ ನಡೆದೆ. ಬೇಕಾದ್ರೆ ನನ್ನ ಕೆಲಸ ತೆಗೀರಿ, ಆ ನೋಟೀಸು ತೆಗೆದ್ಬಿಡಿ."

ಮ್ಯಾನೇಜರ್ ನಕ್ಕುಬಿಟ್ಟರು. "ಹುಚ್ಚಾ ನಿಂಗೆ? ನೀನು ಓಡಿದ ಸದ್ದು ನಾನೇ ಕಿವಿಯಾರೆ ಕೇಳಿದೀನಿ. ತೂಕ ನಾನೇ ಹಾಕಿದೀನಿ. ನೀನು ಹೇಳಿದ್ರೆ ತಕ್ಕಡಿ ಸುಳ್ಳಾಗತ್ತಾ?"

"ಹಾಗಾದ್ರೆ ಈಗ ಓಡಿಸಿ ನೋಡಿ ಸಾರ್! ಹೊರಗೆ ಬಂದು ಕಣ್ಣಾರೆ ನೋಡಿ!"

"ಮಳೆ ಬರ್ತಿದೆ ಕಣಯ್ಯ. ಮಳೇಲಿ ಓಡೋ ಹಾಗಿಲ್ಲ. ನೋಟೀಸು ಓದಿಲ್ವಾ?"

ಇಂಥವರ ಹತ್ತಿರ ಏನು ಮಾತಾಡುವುದು! ಮಾವ ಟೋಪಿ ಹಾಕಿಕೊಂಡು ಗೇಟಿಗೆ ಬಂದ. ಲಾರಿ ಬಂದು ನಿಂತಿತ್ತು. ಗಾಳಿ ಗಂಟು ತಲೆಗೇರಿಸಿಕೊಂಡು ಕೆಮ್ಮುತ್ತ ಕಮಾನಿನ ಕೆಳಗೆ ಕಾಯುತ್ತಿದ್ದ. ವರ್ಷಗಟ್ಟಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಅಂಗಳ ಕಾದವನು, ಅಂಗಳಕ್ಕೆ ಬೆನ್ನು ಹಾಕಿ ರಸ್ತೆ ಕಡೆ ಮುಖ ಮಾಡಿ ನಿಂತುಕೊಂಡ.

"ನಂಗೆ ಹಿಂದೆ ಕಣ್ಣಿಲ್ಲ ಕಣ್ರೋ" ಅಂದ. "ಓಡಿ."

ಅವನ ಬೆನ್ನ ಹಿಂದೆ ಶುರುವಾಯಿತು, ಧಡಧಡ ಧಡಧಡ. ಹೆಂಡತಿ ಟೀ ತಂದು ಕೈಗಿತ್ತಳು.

"ಏನ್ರೀ ಅದು ಸದ್ದು?"

"ನಾನು ಓಡ್ತಿರೋದು ಕಣೇ" ಅಂದ ಮಾವ. ತಿರುಗಿ ಮಾತ್ರ ನೋಡಲಿಲ್ಲ.