ಹಾಳೂರಿನ ಮಾಸ್ತಿಕಲ್ಲು

ಮದುವೆಯಾಗಿ ಅರಸೀಕೆರೆ ಹತ್ತಿರದ ಹಳ್ಳಿಗೆ ಬಂದ ಎರಡನೆಯ ವರ್ಷ ನಮ್ಮ ಬಚ್ಚಲ ಮೋರಿ ಕಟ್ಟಿಕೊಂಡಿತು. ಐವತ್ತರ ದಶಕ ಇನ್ನೂ ಮುಗಿದಿರಲಿಲ್ಲ. ಕೊಬ್ಬರಿ ವ್ಯಾಪಾರದ ಮಾವ ಅಂದು ತಾವೇ ಹಾರೆ ಹಿಡಿದು, ನಾವೆಲ್ಲ ಕೂತು ಸ್ನಾನ ಮಾಡುತ್ತಿದ್ದ ಚಪ್ಪಡಿಯನ್ನು ಮೀಟಿ ಎಬ್ಬಿಸಿ ಗೋಡೆಗೆ ಒರಗಿಸಿದರು. ಅದರ ತಳಕ್ಕೆ ಕೂದಲು, ಸೀಗೆಪುಡಿ, ಕಪ್ಪು ಲೋಳೆ ಮೆತ್ತಿಕೊಂಡಿತ್ತು. ಮೂಗು ಮುಚ್ಚಿಕೊಂಡು ನೀರು ಎರಚಿದೆ. ಲೋಳೆ ಜಾರಿ ಒಂದು ಕೈ ಕಂಡಿತು. ಮೇಲಕ್ಕೆತ್ತಿದ, ಬಳೆ ತುಂಬಿದ ಹೆಣ್ಣಿನ ಕೈ. ಬೆರಳ ಸಂದಿನಲ್ಲಿ ಹುಳ ಹರಿಯುತ್ತಿದ್ದವು.

“ಇದು ಮಾಸ್ತಿಕಲ್ಲಲ್ವಾ ಮಾವ?” ಎಂದೆ. ಗಂಡನ ಚಿತೆ ಏರಿದವಳ ನೆನಪಿಗೆ ನೆಟ್ಟ ಅಂಥದೇ ಕಲ್ಲು ನನ್ನ ತವರಿನಲ್ಲೂ ಇತ್ತು.

“ಹಾಳೂರಲ್ಲಿ ಬಿದ್ದಿತ್ತು ಕಣಮ್ಮ. ಬಚ್ಚಲಿಗೆ ಸರಿಯಾಗೈತೆ ಅಂತ ಗಾಡೀಲಿ ಹಾಕ್ಕೊಂಡು ಬಂದೆ. ಅಲ್ಲಿ ಕೇಳೋರು ಯಾರವ್ರೆ?”

ಹಾಳೂರೆಂದರೆ ನಮ್ಮ ತೆಂಗಿನ ತೋಟದಾಚೆಯ ದಿಬ್ಬ. ಹೊಯ್ಸಳರ ಕಾಲದಲ್ಲಿ ಊರಾಗಿತ್ತಂತೆ. ಜನ ಏಕೆ ಬಿಟ್ಟುಹೋದರೆಂದು ಯಾರಿಗೂ ಗೊತ್ತಿಲ್ಲ.

ಅಂದು ನನಗೆ ಅನ್ನ ಸೇರಲಿಲ್ಲ. ಎಷ್ಟು ಉಜ್ಜಿದರೂ ಮೈಗೆ ಏನೋ ಅಂಟಿಕೊಂಡಂತೆಯೇ ಇತ್ತು. ಆ ಕಲ್ಲನ್ನು ಮತ್ತೆ ಹಾಸಿದರೆ ಬಚ್ಚಲಿಗೆ ಕಾಲಿಡುವುದಿಲ್ಲ ಎಂದುಬಿಟ್ಟೆ. ಹಿತ್ತಲಲ್ಲಿ ಸೀರೆಯ ಮರೆ ಕಟ್ಟಿಕೊಂಡು ಮೂರು ದಿನ ಮಿಂದೆ. ಅತ್ತೆ ಬೈದರು. ನಾಲ್ಕನೆಯ ದಿನ ತಾವೂ ಆ ಮರೆಗೇ ನೀರು ತಂದಿಟ್ಟುಕೊಂಡರು. ಕಲ್ಲನ್ನು ಹಾಳೂರಿಗೇ ಮರಳಿಸಲು ಮಾವ ಗಾಡಿ ಕಟ್ಟಿದರು.

ಮೂವರೂ ಹೋದೆವು. ದಿಬ್ಬ ಹತ್ತುವಾಗಲೇ ನಾತ ಹೊಡೆಯಿತು. ಯಾರೋ ನಿಧಿಯಾಸೆಗೆ ಮುರುಕು ಗುಡಿಯ ಒಳಗೆ ಆಳುದ್ದ ಅಗೆದು, ಲಿಂಗವನ್ನು ಕಿತ್ತು ಹೊರಗೆ ಉರುಳಿಸಿದ್ದರು. ಗುಂಡಿಯಲ್ಲಿ ಬಲಿಕೊಟ್ಟ ಕೋಳಿಗಳು ಕೊಳೆತು ಊದಿದ್ದವು. ಮೂಲೆಯಲ್ಲಿ ಬೀಡಿ ತುಂಡು, ಮನುಷ್ಯರ ಹೇಲು. ನೊಣಗಳು ಎದ್ದು ನಮ್ಮ ತುಟಿಗೇ ಬಂದು ಕೂತವು. ನಾನು ಗುಡಿಯ ಗೋಡೆಗೆ ಕೈಯೂರಿ ವಾಂತಿ ಮಾಡಿದೆ.

“ಥೂ! ಶಿವ ಇರೋ ಜಾಗ ಅಂತಾನೂ ನೋಡ್ಲಿಲ್ವಲ್ಲಾ ಪಾಪಿಗಳು!” ಎಂದು ಮಾವ ಕೂಗಾಡಿದರು.

ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ, “ಹೆಣ್ಣು ಅಂತ ನೀವು ನೋಡಿದ್ರಾ?” ಎಂದರು.

ಮಾವ ಗುಂಡಿಗೆ ಮಣ್ಣೆಳೆದರು. ಆ ಹೊಲಸಿನಲ್ಲಿ ಅವಳನ್ನು ಇಳಿಸಲು ನಮಗೆ ಮನಸ್ಸಾಗಲಿಲ್ಲ. ಲಿಂಗವನ್ನೂ ಗಾಡಿಗೆ ಹೇರಿಕೊಂಡು, ಎರಡನ್ನೂ ತೋಟದ ಬದುವಿನಲ್ಲಿ ನೆಟ್ಟೆವು. ಆಮೇಲೆ ಮಾವ ಅಲ್ಲಿ ಎಲೆಯಡಿಕೆ ಉಗಿಯುತ್ತಿರಲಿಲ್ಲ, ಅಷ್ಟೆ. ಲಿಂಗಕ್ಕೆ ಕೈ ಮುಗಿಯುತ್ತಿದ್ದರು. ಅವಳಿಗೆ ಮುಗಿದದ್ದನ್ನು ನಾನು ಕಾಣೆ.