ಪಣಕಹಳ್ಳಿಯ ಮಡಿಲಕ್ಕಿ

2012ರಲ್ಲಿ ನಾನು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ ಮಕ್ಕಳ ರಕ್ಷಣಾ ಅಧಿಕಾರಿಯಾಗಿದ್ದೆ. ಕನ್ನಡ ಬರುತ್ತದೆ ಎಂಬ ಒಂದೇ ತಪ್ಪಿಗೆ, ಕನ್ನಡದವರೇ ಹೆಚ್ಚಿರುವ ತಾಳವಾಡಿ ಬೆಟ್ಟದ ಕೇಸುಗಳೆಲ್ಲ ನನ್ನ ತಲೆಗೇ ಬೀಳುತ್ತಿದ್ದವು. ದಿಂಬಂ ಘಾಟಿಯನ್ನು ಜೀಪಿನಲ್ಲಿ ಹತ್ತಿಳಿದು ಸೊಂಟ ಬಿದ್ದುಹೋಗಿತ್ತು. ನಿವೃತ್ತಿ ಯಾವಾಗ ಬಂದೀತೋ ಎಂದು ಕಾಯುತ್ತಿದ್ದೆ. ಯಾಳಿನಿಯ ಕೇಸು ಬಂದದ್ದು ಆಗ.

ಯಾಳಿನಿ ಶ್ರೀಲಂಕಾದ ಹುಡುಗಿ. ಯುದ್ಧ ಜೋರಾದಾಗ ಮೂರು ವರ್ಷದ ಅವಳನ್ನು ಎತ್ತಿಕೊಂಡು ತಾಯಿಯ ತಾಯಿ, ಅಜ್ಜಿ, ದೋಣಿ ಹತ್ತಿದ್ದಳು. ಹಿಂದೆಯೇ ಇನ್ನೊಂದು ದೋಣಿಗೆ ಬರುತ್ತೇವೆ ಎಂದಿದ್ದ ಅಪ್ಪ ಅಮ್ಮ ಬರಲಿಲ್ಲ. ಬೆಟ್ಟದ ಕೆಳಗಿನ ನಿರಾಶ್ರಿತರ ಶಿಬಿರದಿಂದ ಅಜ್ಜಿ ಮಗುವಿನೊಂದಿಗೆ ಬೆಟ್ಟದ ಮೇಲಿನ ಪಣಕಹಳ್ಳಿಗೆ ಕೂಲಿಗೆ ಬರುತ್ತಿದ್ದಳು. ಒಮ್ಮೆ ಕೋಸು ಕೊಯ್ಯುವ ಕಾಲದಲ್ಲಿ ಜ್ವರ ಬಂದು ಅಲ್ಲೇ ತೀರಿಕೊಂಡಳು. ಹೊಲದೊಡತಿ ಮಾದೇವಮ್ಮ, ಐವತ್ತು ದಾಟಿದವರು, ಮಗುವನ್ನು ಮನೆಯೊಳಗೆ ಕರೆದುಕೊಂಡರು. ಮಕ್ಕಳ ಕಲ್ಯಾಣ ಸಮಿತಿ ಅವರನ್ನು 'ಫಿಟ್ ಪರ್ಸನ್' ಎಂದು, ಅಂದರೆ ಹೆತ್ತವರು ಸಿಗುವವರೆಗೆ ಸಾಕಲು ತಕ್ಕವರೆಂದು, ಒಪ್ಪಿತು. ಹೆತ್ತವರು ಸಿಗುತ್ತಾರೆಂದು ಊರಲ್ಲಿ ಯಾರೂ ನಂಬಿರಲಿಲ್ಲ.

ನಾಲ್ಕು ವರ್ಷದ ಮೇಲೆ ತಾಯಿ ಸುಗಂಧಿ ಸಿಕ್ಕಳು. ಬೇರೆಯಾದ ಕುಟುಂಬಗಳನ್ನು ಹುಡುಕುವ ಸಂಸ್ಥೆಯೊಂದು ಪತ್ತೆ ಹಚ್ಚಿತು. ಅವಳ ಗಂಡನನ್ನು ಯುದ್ಧದ ಕೊನೆಯ ದಿನಗಳಲ್ಲಿ ಯಾರೋ ಕರೆದೊಯ್ದಿದ್ದರು. ಇದ್ದಾನೋ ಇಲ್ಲವೋ ತಿಳಿಯದು. ಮಗಳನ್ನು ಕರೆದೊಯ್ಯಲು ಚಿಕ್ಕ ಅವಧಿಯ ವೀಸಾದಲ್ಲಿ ಒಬ್ಬಳೇ ಬಂದಿದ್ದಳು.

ಮೊದಲ ಭೇಟಿ ಕೆಟ್ಟದಾಗಿತ್ತು. ಸುಗಂಧಿ ತಮಿಳಿನಲ್ಲಿ ಕರೆದರೆ ಮಗು ಮಾದೇವಮ್ಮನ ಬೆನ್ನ ಹಿಂದೆ ಅಡಗಿ, "ಅವ್ವಾ, ಇವ್ಳು ಯಾರವ್ವಾ? ಓಗಾಕ್ ಯೋಳು" ಅಂದಿತು. ಕನ್ನಡ ತಿಳಿಯದ ಸುಗಂಧಿ, ಏನಂದಳು ಎಂದು ನನ್ನನ್ನು ಕೇಳಿದಳು. ಹೆದರಿದ್ದಾಳೆ ಎಂದಷ್ಟೇ ಹೇಳಿದೆ. ಮಾದೇವಮ್ಮ ಅಂದು ನಮಗೆ ಒಂದು ಲೋಟ ನೀರೂ ಕೊಡಲಿಲ್ಲ. ಕಾನೂನು ತಾಯಿಯ ಕಡೆಗಿತ್ತು. ಆದರೆ ಅಳುವ ಮಗುವನ್ನು ಎಳೆದು ಜೀಪಿಗೆ ಹಾಕುವಂತಿಲ್ಲ. ಈರೋಡಿನ ಮಕ್ಕಳ ಗೃಹದಲ್ಲಿ ಕೆಲವು ವಾರ ಇಟ್ಟು ತಾಯಿಗೆ ಹೊಂದಿಸಿ ಎಂದಿತು ಸಮಿತಿ. ಎಂದರೆ ಮಗುವನ್ನು ಮತ್ತೊಮ್ಮೆ ಗುರುತಿಲ್ಲದವರ ಕೈಗೆ ಕೊಡುವುದು. ವೀಸಾ ಬೇರೆ ಮುಗಿಯುತ್ತ ಬಂದಿತ್ತು. ನನಗೆ ಸಾಕಾಗಿಹೋಗಿತ್ತು.

ಕೊನೆಯ ಭೇಟಿಯ ದಿನ ಸುಗಂಧಿ ತನ್ನ ಅಮ್ಮನನ್ನು ಮಣ್ಣು ಮಾಡಿದ ಜಾಗ ನೋಡಬೇಕೆಂದಳು. ಅದು ಮಾದೇವಮ್ಮನ ರಾಗಿ ಹೊಲದ ಅಂಚಿನಲ್ಲೇ ಇತ್ತು. ಮುಖ ಗಂಟಿಕ್ಕಿಕೊಂಡೇ ಅವರು ದಾರಿ ತೋರಿಸಿದರು. ಸುಗಂಧಿ ಅಲ್ಲಿ ಕುಳಿತು ಬಹಳ ಹೊತ್ತು ಅತ್ತಳು. ಆಮೇಲೆ, ಇನ್ನು ನನಗೆ ಅಮ್ಮನ ಮನೆ ಅಂತ ಒಂದೂ ಉಳಿಯಲಿಲ್ಲ ಎಂದು ತಮಿಳಿನಲ್ಲಿ ತನ್ನಷ್ಟಕ್ಕೇ ಹೇಳಿಕೊಂಡಳು. ಮಾದೇವಮ್ಮನಿಗೆ ತಮಿಳು ಚೆನ್ನಾಗಿ ಬರುತ್ತಿತ್ತು.

ಮನೆಗೆ ಬಂದವರೇ ಅವರು ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಕಣ ಇಟ್ಟು ತಂದರು. ಮಡಿಲಕ್ಕಿ. ಮಗಳು ತವರಿನಿಂದ ಹೊರಡುವಾಗ ತಾಯಿ ಅವಳ ಸೆರಗಿಗೆ ತುಂಬುವುದು. ಏನೆಂದು ನನ್ನಿಂದ ತಿಳಿದ ಸುಗಂಧಿ ಹಿಂದೆ ಸರಿದಳು. ಗಂಡನ ಸುದ್ದಿಯೇ ಇಲ್ಲದ ತನಗೆ ಇದು ಸಲ್ಲದೆಂಬ ಅಳುಕು. ನೆರೆಯ ಹೆಂಗಸರೂ ಗೊಣಗಿದರು.

"ಸತ್ತ ಅಂತ ಯಾರ್ ಬಂದ್ ಯೋಳವ್ರ? ಸೆರಗ್ ಇಡಿ ಮಗಾ" ಅಂದರು ಮಾದೇವಮ್ಮ, ಆಮೇಲೆ ಅದನ್ನೇ ಸುಗಂಧಿಗೆ ತಮಿಳಿನಲ್ಲಿ ಹೇಳಿದರು.

ತುಂಬಿದ ಮೇಲೆ ಮಗುವನ್ನು ಹತ್ತಿರ ಎಳೆದುಕೊಂಡರು. "ನೋಡು ಕೂಸು, ಇವ್ಳು ನನ್ ಮಗ್ಳು. ನಾನು ನಿಂಗ ಅಜ್ಜಿ ಕಣ. ಅವ್ವನ್ ಜೊತ್ಗ ಓಗು. ರಜ ಬುಟ್ಟಾಗ ಅಜ್ಜಿ ಮನ್ಗ ಬಾ. ಎಲ್ಲಾ ಮಕ್ಳೂ ಬರಾದಿಲ್ವಾ?"

ಅಜ್ಜಿ ಮನೆ ಎಂದರೇನೆಂದು ಯಾಳಿನಿಗೆ ಗೊತ್ತಿತ್ತು. ಶಾಲೆಯ ಓರಗೆಯವರೆಲ್ಲ ಹೋಗಿ ಬರುತ್ತಿದ್ದರು. ಸುಗಂಧಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ತಾನೇ ನಡೆದು ಜೀಪು ಹತ್ತಿದಳು. ಮಕ್ಕಳ ಗೃಹದ ಅಗತ್ಯವೇ ಬೀಳಲಿಲ್ಲ. ಘಾಟಿ ಇಳಿಯುವಾಗ ಕೇಳಿದಳು: "ಮೇಡಮ್, ಅಲ್ಲಿ ರಜ ಯಾವಾಗ ಬುಡ್ತಾರ?" ಸಮುದ್ರ, ಪಾಸ್‌ಪೋರ್ಟು, ವೀಸಾ ಎಲ್ಲ ಬಲ್ಲ ನಾನು, ಏಪ್ರಿಲ್‌ನಲ್ಲಿ ಎಂದೆ.

ಮಗುವನ್ನು ಒಬ್ಬರಿಂದ ಬಿಡಿಸಿ ಇನ್ನೊಬ್ಬರಿಗೆ ಕೊಡುವುದಕ್ಕೆ ಮೊದಲು ಆ ಇಬ್ಬರೂ ಒಬ್ಬರಿಗೊಬ್ಬರು ಏನಾದರೂ ಆಗಬೇಕು. ಈ ಕೆಲಸ ನನಗೆ ಕಲಿಸಿದ್ದು ಅದು. ಅಷ್ಟಾದರೂ ಎಲ್ಲ ಸರಿಹೋಗುತ್ತದೆಂದೇನೂ ಇಲ್ಲ. ಯಾಳಿನಿ ಇನ್ನೂ ಬಂದಿಲ್ಲ. ಸುಗಂಧಿಯ ನಂಬರಿಗೆ ಈಗ ಕರೆ ಹೋಗುವುದಿಲ್ಲ. ಬೇಸಿಗೆ ಬಂದರೆ ಮಾದೇವಮ್ಮ ನನಗೆ ಫೋನ್ ಮಾಡಿ ಸುದ್ದಿ ಕೇಳುತ್ತಾರೆ. ಮೊದಲು ಕೇಳುವುದು ಮಗಳನ್ನು, ಆಮೇಲೆ ಮೊಮ್ಮಗಳನ್ನು.