ಭಟ್ಕಳದಲ್ಲಿ ನಾನು ಹೇಳಿದ ಸುಳ್ಳು

ನಾಗವೇಣಿ ಹೇಳಿದ್ದೇ ನಿಜ. ಆ ವಿಮೆಯ ಬಗ್ಗೆ ನಾನು ಅವಳಿಗೆ ಒಂದಕ್ಷರವನ್ನೂ ಹೇಳಿರಲಿಲ್ಲ. ಹೇಳಿದ್ದೆ ಎಂದು ಭಟ್ಕಳದ ಬ್ಯಾಂಕಿನಲ್ಲಿ, ಅವಳ ಅಣ್ಣನ ಎದುರಿಗೆ, ಅವಳ ಪಕ್ಕದ ಕುರ್ಚಿಯಲ್ಲೇ ಕುಳಿತು ಸುಳ್ಳಾಡಿದವಳು ನಾನು.

ಆಗ ನಾವಿಬ್ಬರೂ ಹೊನ್ನಾವರದಲ್ಲಿ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ಬ್ಯಾಂಕೊಂದಕ್ಕೆ ಕ್ರೆಡಿಟ್ ಕಾರ್ಡಿನ ಗಿರಾಕಿಗಳನ್ನು ಹುಡುಕಿಕೊಡುವುದು ನನ್ನ ಕೆಲಸ. ನಾಗವೇಣಿ ಮಂಕಿಯವಳು, ನನಗಿಂತ ಚಿಕ್ಕವಳು. ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದಳು—ಗುತ್ತಿಗೆಯ ಕೆಲಸ. ಗಂಡನನ್ನು ಬಿಟ್ಟು ಬಂದು, ಅಣ್ಣನ ಮನೆಯ ಮೂಲೆಯಲ್ಲಿ ಕೂರಲಾರೆ ಎಂದು ಹೊರಟವಳು. ಸಂಬಳ ಬಂದ ದಿನ ಅವಳ ನಡಿಗೆಯೇ ಬೇರೆ ಇರುತ್ತಿತ್ತು. ಮೀನು ಪೇಟೆಯಿಂದ ಬರುವಾಗ ಯಾರನ್ನೂ ಕೇಳದೆ ಎರಡು ಮೊಳ ಭಟ್ಕಳ ಮಲ್ಲಿಗೆ ಕೊಂಡು, ಒಂದನ್ನು ನನ್ನ ತಲೆಗೆ ಸಿಕ್ಕಿಸುತ್ತಿದ್ದಳು. ನನ್ನನ್ನು ಅಕ್ಕ ಎನ್ನುತ್ತಿದ್ದಳು. ನನಗೆ ಬೇರೆ ಯಾರೂ ತಂಗಿಯರಿರಲಿಲ್ಲ—ಇದನ್ನು ಈಗ ಹೇಳಿ ಏನು ಪ್ರಯೋಜನ.

ಅವಳಿಗೊಂದು ಫ್ರಿಜ್ ಬೇಕಿತ್ತು. ಕಾರ್ಡ್ ಮಾಡಿಸು, ಕಂತಿನಲ್ಲಿ ಬರುತ್ತದೆ ಎಂದು ನಾನೇ ಹುರಿದುಂಬಿಸಿದೆ. ಆ ತಿಂಗಳು ನನಗೆ ಕಾರ್ಡುಗಳಿಗಿಂತ ಹೆಚ್ಚಾಗಿ ಅವುಗಳ ಜೊತೆಗಿನ ವಿಮೆ ಮಾರಾಟವಾಗಬೇಕಿತ್ತು. ಕಾರ್ಡು ಇಟ್ಟುಕೊಂಡವರು ಕಾಯಿಲೆ ಬಿದ್ದರೆ, ಕೆಲಸ ಕಳೆದುಕೊಂಡರೆ, ಅವರ ಬಾಕಿಯನ್ನು ವಿಮೆಯವರು ಕಟ್ಟುತ್ತಾರೆ ಎಂಬ ಯೋಜನೆ. ಆದರೆ ಗುತ್ತಿಗೆ ಕೆಲಸದವರಿಗೆ ಅದರಿಂದ ಬಿಡಿಗಾಸೂ ಸಿಗುವುದಿಲ್ಲ. ತರಬೇತಿಯಲ್ಲಿ ನಮಗೆ ಅದನ್ನು ಹೇಳಿದ್ದರು. ಗೊತ್ತಿತ್ತು ನನಗೆ. ಚೆನ್ನಾಗಿ ಗೊತ್ತಿತ್ತು.

ಖಾತ್ರಿ ಮಾಡಿಕೊಳ್ಳಲು ಬ್ಯಾಂಕಿನಿಂದ ಫೋನ್ ಬಂದಾಗ ಅವಳು ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಬಂಗಡೆ ಮೀನು ಕೊಯ್ಯುತ್ತಿದ್ದಳು. ಕೈತುಂಬ ರಕ್ತ. ನಾನೇ ಫೋನನ್ನು ಅಂಗೈಯಿಂದ ಮುಚ್ಚಿಕೊಂಡು ಅವಳ ಕಿವಿಗೆ ಹಿಡಿಯಲು ಹೋದೆ.

"ಎಂತ ಕೇಳ್ತ್ರು ಅಕ್ಕ?"

"ಎಂತದೂ ಇಲ್ಲ ಮಾರಾಯ್ತಿ. ಕೇಳಿದ್ದಕ್ಕೆಲ್ಲ ಹೌದು ಹೇಳು, ಮುಗೀತು."

ಆ ಕಡೆಯ ಹುಡುಗಿ ಪಟಪಟನೆ ಓದಿಕೊಂಡು ಹೋದಳು. ವಿಮೆ ಎಂಬ ಮಾತು ಬಂದಾಗ ನಾಗವೇಣಿ ಹುಬ್ಬು ಗಂಟಿಕ್ಕಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು "ಹೌದು" ಅಂದಳು.

ಮುಂದೆ ಒಮ್ಮೆ ಬಿಲ್ಲಿನಲ್ಲಿ ಆ ಸಾಲನ್ನು ಕಂಡು, "ಇದೆಂತ, ತಿಂಗ್ಳು ತಿಂಗ್ಳು ಕಟ್ ಆಗ್ತದಲ್ಲ?" ಎಂದು ಕೇಳಿದ್ದಳು. ಎಲ್ಲರಿಗೂ ಇರುತ್ತದೆ ಎಂದುಬಿಟ್ಟೆ. ಅವಳು ನಂಬಿದಳು. ಮತ್ತೆ ಆ ಮಾತೆತ್ತಲಿಲ್ಲ.

ಮಾರನೆಯ ವರ್ಷ ಅವಳಿಗೆ ಕಾಮಾಲೆಯಾಯಿತು. ಬಹಳ ದಿನ ಮಲಗಿದಳು. ಎದ್ದು ಆಸ್ಪತ್ರೆಗೆ ಹೋದರೆ ಅವಳ ಜಾಗದಲ್ಲಿ ಬೇರೆ ಹುಡುಗಿ ಇದ್ದಳು. ಕಾರ್ಡಿನ ಬಾಕಿ ಏರುತ್ತಲೇ ಇತ್ತು. ಒಂದು ದಿನ ಅವಳು ಕಾರ್ಡಿನ ಬಿಲ್ಲು ಹಿಡಿದು, ಹೊಳೆಯುವ ಕಣ್ಣಿನಿಂದ ನನ್ನ ಬಳಿ ಬಂದಳು. "ಅಕ್ಕ, ನಂದು ವಿಮೆ ಇತ್ತಲ್ಲ! ಕಾಯಿಲೆ ಆದ್ರೆ ಅವ್ರೇ ಕಟ್ತ್ರಂತೆ. ನೀ ಎಂತಕ್ಕೆ ಹೇಳ್ಲೇ ಇಲ್ಲ?"

ಆಗಲಾದರೂ ಹೇಳಬಹುದಿತ್ತು. ಅರ್ಜಿ ಹಾಕಿ ನೋಡು ಎಂದೆ.

ಅರ್ಜಿ ತಿರಸ್ಕೃತವಾಯಿತು. ಗುತ್ತಿಗೆಯವರಿಗೆ ಅನ್ವಯಿಸದು ಎಂಬ ಉತ್ತರ. ಉಪಯೋಗಕ್ಕಿಲ್ಲದ್ದನ್ನು ತನಗೆ ಹೇಳದೆ ಕೇಳದೆ ಯಾಕೆ ಹಚ್ಚಿದರು ಎಂದು ಅವಳು ದೂರು ಕೊಟ್ಟಳು. ದೂರು ಬ್ಯಾಂಕಿನ ಮೇಲೆ, ನನ್ನ ಮೇಲಲ್ಲ. ನನ್ನ ಹೆಸರನ್ನು ಅವಳು ಎಲ್ಲಿಯೂ ಎತ್ತಿರಲಿಲ್ಲ. ವಿಚಾರಣೆಗೆಂದು ಭಟ್ಕಳಕ್ಕೆ ಕರೆದಾಗ, "ನೀ ಬಂದು ಒಂದು ಮಾತು ಹೇಳು, ಸಾಕು" ಎಂದು ನನ್ನನ್ನೂ ಹೊರಡಿಸಿದಳು. ತನ್ನ ಪರವಾಗಿ ಮಾತಾಡುತ್ತೇನೆ ಎಂದುಕೊಂಡಿದ್ದಳು.

ಅಣ್ಣ ಮಂಜುನಾಥನೂ ಬಂದಿದ್ದ. ಬಾಕಿ ತೀರಿಸಬೇಕಾದವನು ಅವನೇ ಆಗಿದ್ದ. ಅಧಿಕಾರಿ ಆ ಫೋನಿನ ಧ್ವನಿಮುದ್ರಣವನ್ನು ಹಾಕಿ ಕೇಳಿಸಿದರು. ನಾಗವೇಣಿಯ ದನಿ ಸ್ಪಷ್ಟವಾಗಿ "ಹೌದು" ಎಂದಿತು. ನನ್ನ ತಲೆಯಾಟ ಅದರಲ್ಲಿ ಎಲ್ಲಿ ಕೇಳಬೇಕು?

ಅಧಿಕಾರಿ ನನ್ನತ್ತ ತಿರುಗಿದರು. "ನೀವು ಇವರಿಗೆ ಎಲ್ಲ ವಿವರಿಸಿದ್ರಾ?"

ನಾಗವೇಣಿ ನಿರಾಳವಾಗಿ ಒರಗಿ ಕೂತಳು—ಇನ್ನೇನು, ಅಕ್ಕ ಹೇಳುತ್ತಾಳೆ ಎಂಬಂತೆ.

"ಹೇಳಿದ್ದೆ ಸರ್. ಅವಳಿಗೆ ಮರ್ತಿರ್ಬೇಕು."

ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತು. ಊರಲ್ಲಿ ಅಮ್ಮನ ಔಷಧಿ ನನ್ನ ಸಂಬಳದಿಂದಲೇ ಬರುತ್ತಿತ್ತು. ಇವು ಸುಳ್ಳಲ್ಲ. ಆದರೆ ಆ ಗಳಿಗೆಯಲ್ಲಿ ನನಗೆ ಅಮ್ಮನ ನೆನಪೇ ಆಗಿರಲಿಲ್ಲ—ಸಿಕ್ಕಿಬೀಳಬಾರದು ಎಂಬುದೊಂದೇ ತಲೆಯಲ್ಲಿತ್ತು.

ನಾಗವೇಣಿ ಸಿಟ್ಟಾಗಲಿಲ್ಲ. ತಿರುಗಿ ನನ್ನನ್ನು ನೋಡಿದಳು. ನಾನು ಮಾತನ್ನು ತಿದ್ದಿಕೊಳ್ಳಲೆಂದು ಕಾಯುತ್ತಿದ್ದಳೇನೋ. ಮಂಜುನಾಥ ಎದ್ದುಬಿಟ್ಟ. "ತಲೆಲಿ ನೆಪ್ಪಿಲ್ಲ ಅಂದ್ಮೇಲೆ ನಿಂಗೆ ಎಂತಕ್ಕೆ ಬೇಕಿತ್ತು ಇದೆಲ್ಲ? ನಡಿ ಮನಿಗೆ."

ಮೂವರೂ ಒಂದೇ ಬಸ್ಸು ಹತ್ತಿದೆವು. ಮಂಕಿ ಬಂದಾಗ ಅಣ್ಣ ತಂಗಿ ಇಳಿದರು. ಅವಳ ಬಟ್ಟೆ, ಚಾಪೆ, ಪಾತ್ರೆ ಎಲ್ಲ ಹೊನ್ನಾವರದ ಮನೆಯಲ್ಲೇ ಇದ್ದವು. ಬಸ್ಸು ಹೊರಟಾಗ ಅವಳು ತಿರುಗಿ ನೋಡಲಿಲ್ಲ. ನಾನು ಮಾತ್ರ ಮುಂದಕ್ಕೆ ಹೋದೆ.

ಆ ಮನೆಯಲ್ಲಿ ಮತ್ತೆ ಕೆಲವು ತಿಂಗಳು ಇದ್ದೆ. ಅಂಗಳಕ್ಕೆ ಮೀನು ತರುತ್ತಿದ್ದ ಹೆಂಗಸು "ಆ ಸಣ್ಣಮ್ಮ ಎಲ್ಲೋದ್ರು?" ಎಂದು ಕೇಳುವುದನ್ನು ಬಿಡಲಿಲ್ಲ, ಕೊನೆಗೆ ನಾನೇ ಮೀನು ಕೊಳ್ಳುವುದನ್ನು ಬಿಟ್ಟೆ. ಅಮ್ಮ ತೀರಿಕೊಂಡಳು. ಕುಮಟೆಯಲ್ಲಿ ಬೇರೆ ಕೆಲಸ ಹಿಡಿದೆ. ಅಲ್ಲಿ ನೆರೆಯವರು ತಮ್ಮತಮ್ಮೊಳಗೆ ಕೊಂಕಣಿಯಲ್ಲಿ ಹರಟುತ್ತಾರೆ, ನನ್ನನ್ನು ಕಂಡರೆ ಕನ್ನಡದಲ್ಲಿ ಊಟವಾಯಿತೇ ಎನ್ನುತ್ತಾರೆ. ಆಯಿತು ಎನ್ನುತ್ತೇನೆ. ಕೆಲವು ದಿನ ಮನುಷ್ಯರೊಡನೆ ನಾನಾಡುವ ಮಾತು ಅದೊಂದೇ. ನನ್ನನ್ನು ಅಕ್ಕ ಎಂದು ಕರೆಯುವವರು ಆಮೇಲೆ ಯಾರೂ ಬರಲಿಲ್ಲ. ಬರಲು ನಾನೂ ಬಿಡಲಿಲ್ಲ.

ಹಲವು ವರ್ಷಗಳ ಮೇಲೆ, ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಹೊನ್ನಾವರದ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. ಕೂದಲು ಅಲ್ಲಲ್ಲಿ ನೆರೆತಿತ್ತು. ಮುಖ ತಿರುಗಿಸುತ್ತಾಳೆ ಎಂದುಕೊಂಡೆ. ಅವಳೇ ಹತ್ತಿರ ಬಂದಳು. ಮತ್ತೆ ಕೆಲಸಕ್ಕೆ ಹೋಗಲು ಅಣ್ಣ ಬಿಡಲಿಲ್ಲವಂತೆ. ಅವಳ ಪಾಸ್‌ಬುಕ್ಕು, ಕಾರ್ಡು ಎಲ್ಲ ಅವನ ಹತ್ತಿರವೇ. ಬಸ್ಸಿನ ಚಾರ್ಜನ್ನೂ ಅತ್ತಿಗೆಯನ್ನು ಕೇಳಿ ತರಬೇಕು. ಇದನ್ನೆಲ್ಲ ದೂರಿನಂತೆ ಹೇಳಲಿಲ್ಲ. ಆಮೇಲೆ ಕೇಳಿದಳು:

"ಅಕ್ಕ, ಒಂದು ಕೇಳ್ತೆ, ಬೇಜಾರ್ ಮಾಡ್ಕಬೇಡಿ. ನೀವು ಅವತ್ತು ನಂಗೆ ಹೇಳಿದ್ದು ಹೌದಾ? ನಂಗೇ ಮರ್ತು ಹೋತಾ? ಅಣ್ಣ ಹಂಗೇ ಹೇಳ್ತ. ಈಗೀಗ ನಂಗೂ ಹಂಗೇ ಅನ್ಸ್ತದೆ. ಗ್ಯಾಸ್ ಬಂದ್ ಮಾಡಿದ್ನಾ ಇಲ್ವಾ ಅಂತ ನಾಕು ಸರ್ತಿ ನೋಡ್ತೆ."

ನೀನು ಎನ್ನುತ್ತಿದ್ದವಳು ನೀವು ಅಂದಿದ್ದಳು.

ನನ್ನ ಸುಳ್ಳು ಅವಳ ಸ್ವಂತ ದುಡಿಮೆಯ ದಾರಿಯನ್ನೂ ಮನೆಯನ್ನೂ ಕಿತ್ತುಕೊಂಡಿತು ಎಂದಷ್ಟೇ ತಿಳಿದಿದ್ದೆ. ಅವಳು ತನ್ನ ತಲೆಯನ್ನೇ ನಂಬದ ಹಾಗಾಗಿದ್ದಾಳೆ ಎಂದು ತಿಳಿದಿರಲಿಲ್ಲ. ಅಷ್ಟರಲ್ಲಿ ಕುಮಟೆಯ ಬಸ್ಸು ಬಂತು. ನಾನು ಹತ್ತಿಬಿಟ್ಟೆ. ಹೌದು, ಆಗಲೂ ಹತ್ತಿಬಿಟ್ಟೆ.

ಮುಂದಿನ ಭಾನುವಾರ ಮಂಕಿಗೆ ಹೋದೆ. ಮಂಜುನಾಥ ಜಗಲಿಯಲ್ಲಿ ಕೂತು ತೆಂಗಿನಕಾಯಿ ಸುಲಿಯುವವನ ಜೊತೆ ಮಾತಾಡುತ್ತಿದ್ದ. ನಾಗವೇಣಿಯನ್ನು ಕರೆಯಿರಿ ಎಂದೆ. ಅವಳು ಬಂದು ಬಾಗಿಲಲ್ಲಿ ನಿಂತಳು. ನಿಂತುಕೊಂಡೇ ಎಲ್ಲ ಹೇಳಿದೆ—ನಾನು ಹೇಳಿರಲಿಲ್ಲ, ಅವಳಿಗೆ ಮರೆತಿರಲಿಲ್ಲ ಎಂದು, ಕಾಯಿ ಸುಲಿಯುವವನಿಗೂ ಕೇಳುವ ಹಾಗೆ.

"ಈಗ ಹೇಳಿ ಎಂತ ಆತು?" ಎಂದ ಮಂಜುನಾಥ.

ನಾಗವೇಣಿ ಅವನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. "ನಂಗೆ ಮರ್ತಿರ್ಲಿಲ್ಲ" ಎಂದು ಮೆಲ್ಲಗೆ ಹೇಳಿಕೊಂಡಳು. ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ. ಆಮೇಲೆ ಜಗಲಿಗೆ ಇಳಿದು ಅಣ್ಣನ ಎದುರು ಕೈ ಚಾಚಿದಳು.

"ಅಣ್ಣ, ನನ್ ಪಾಸ್‌ಬುಕ್ ಕೊಡು."

ಅವನು ಏನೋ ಹೇಳಲು ಹೋದ. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ. ಕೊನೆಗೆ ಅವನು ಅದನ್ನು ತರಲು ಎದ್ದು ಒಳಗೆ ಹೋದ.

ಆಗ ನನ್ನ ಕಡೆ ತಿರುಗಿದಳು. "ನೀವು ಹೊರಡಿ ಅಕ್ಕ. ಇನ್ನು ಇಲ್ಲಿಗೆ ಬರೂದು ಬೇಡ."

ಕ್ಷಮಿಸು ಎನ್ನಲು ಹೋಗಿದ್ದವಳು ಹಾಗೇ ಹೊರಟುಬಿಟ್ಟೆ. ಅದನ್ನೂ ಅವಳ ಹತ್ತಿರವೇ ಕೇಳುವುದೇ?

ಬ್ಯಾಂಕಿಗೂ ಹೋಗಿ ನಡೆದದ್ದನ್ನು ನನ್ನ ಹೆಸರಿನಲ್ಲೇ ಬರೆದುಕೊಟ್ಟಿದ್ದೇನೆ. ಅವರು ಕರೆದಾಗ ಹೋಗಿ ಇದನ್ನೇ ಹೇಳುತ್ತೇನೆ. ಮಂಕಿಗೆ ಮಾತ್ರ ಹೋಗುವುದಿಲ್ಲ. ಅವಳು ಬೇಡ ಎಂದಿದ್ದಾಳೆ.